ಇದು ಕಲೆಯಲ್ಲವಂತೆ!

ನನ್ನ ಮೊದಲ ಶಾಲೆಯ ಕಥೆಯನ್ನು ಮುಂದುವರಿಸುವೆನೆಂದು ಹಿಂದಿನ ಬರಹದಲ್ಲಿ ಮಾತು ಕೊಟ್ಟಿದ್ದೆ. ಸದ್ಯಕ್ಕೆ ಅದನ್ನು ಬದಿಗಿಡುತ್ತೇನೆ. ಮನಸ್ಸು ಕುದಿಯುತ್ತಿರುವಾಗ ಹಳೆಯ ನೆನಪುಗಳನ್ನು ನೇವರಿಸುತ್ತ ಕೂರುವುದು ನನ್ನಿಂದಾಗದು.

ಸಂಗತಿ ಇಷ್ಟು. ಮೊಳಕಾಲ್ಮುರಿನಲ್ಲಿ ನನ್ನ ಹಳೆಯ ಶಿಷ್ಯನೊಬ್ಬನಿದ್ದಾನೆ, ರೇಷ್ಮೆ ಸೀರೆಯ ನೇಕಾರ. ಅವನ ಮಗಳು ಚಿತ್ರಕಲೆಯ ಪದವಿ ಓದುತ್ತಿದ್ದಾಳೆ. ಯಾವ ಕಾಲೇಜು ಎಂಬುದು ಇಲ್ಲಿ ಬೇಡ. ನನ್ನ ಜಗಳ ಒಂದು ಕಟ್ಟಡದೊಡನೆ ಅಲ್ಲ. ಕಳೆದ ತಿಂಗಳು ತಂದೆ ಮಗಳಿಬ್ಬರೂ ಚಳ್ಳಕೆರೆಯ ನಮ್ಮ ಮನೆಗೆ ಬಂದರು. ಹುಡುಗಿಯ ಮುಖ ಬಾಡಿತ್ತು. ಜಾಲತಾಣ ವಿನ್ಯಾಸದ ಅಭ್ಯಾಸಕ್ಕೆಂದು ತನ್ನ ತಂದೆ ನೇಯುವ ಸೀರೆಗಳನ್ನು ಕುರಿತು ನಾಲ್ಕು ಪುಟಗಳ ಕನ್ನಡ ತಾಣವನ್ನೂ, ನೇಕಾರರ ಮನೆಯ ಮಾತುಗಳನ್ನು ಬರೆದಿಡಲು ಒಂದು ಬ್ಲಾಗನ್ನೂ ಆಕೆ ಸ್ವಂತ ಕೈಯಿಂದ ಸಿದ್ಧಪಡಿಸಿದ್ದಳು. ಪರೀಕ್ಷಕರು ಅದನ್ನು ನೋಡಿ, "ಇದರಲ್ಲಿ ಬರೀ ಅಕ್ಷರಗಳೇ ಇವೆಯಲ್ಲಮ್ಮ, ಇದು ಟೈಪಿಂಗ್, ಕಲೆಯಲ್ಲ" ಎಂದು ಹೇಳಿ, ಅವಳು ತೇರ್ಗಡೆಯಾಗುವಷ್ಟೇ ಅಂಕ ಕೊಟ್ಟರಂತೆ. ಎಲ್ಲಿಂದಲೋ ಇಳಿಸಿಕೊಂಡ ಸಿದ್ಧ ಅಚ್ಚಿನಲ್ಲಿ ಬಣ್ಣಬಣ್ಣದ ಚಿತ್ರಗಳನ್ನು ತುಂಬಿದ ಸಹಪಾಠಿಗೆ ಬೆನ್ನು ತಟ್ಟಿದರಂತೆ.

"ಮೇಷ್ಟ್ರೇ, ಇವಳನ್ನ ಬಿಡಿಸಿ ಯಾವುದಾದ್ರೂ ಕಂಪ್ಯೂಟರ್ ಕೋರ್ಸಿಗೆ ಸೇರಿಸಲಾ? ನೀವು ಹೇಳಿದ ಹಾಗೆ ಮಾಡ್ತೀನಿ" ಎಂದು ತಂದೆ ಕೇಳಿದ.

ಆ ಪ್ರಶ್ನೆಗೆ ನಾನು ಕೂಡಲೇ ಉತ್ತರಿಸಲಿಲ್ಲ. ಅದಕ್ಕೊಂದು ಕಾರಣವಿದೆ. ಎಂಬತ್ತರ ದಶಕದಲ್ಲಿ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಅವನು ಬರೆಯುತ್ತಿದ್ದ ದಿನದ ಸುಭಾಷಿತವನ್ನು ಅಳಿಸಲು ನನಗೇ ಮನಸ್ಸು ಬರುತ್ತಿರಲಿಲ್ಲ. ಅವನ ತಂದೆಯೂ ಹೀಗೆಯೇ ಬಂದು ಕೇಳಿದರು. "ಚಿತ್ರ ಬರೆದರೆ ಹೊಟ್ಟೆ ತುಂಬುವುದಿಲ್ಲ, ಟಿಸಿಎಚ್ ಮಾಡಿಸಿ" ಎಂದು ದೊಡ್ಡ ಮನುಷ್ಯನಂತೆ ಹೇಳಿ ಕಳುಹಿಸಿದೆ. ಅವನು ಒಳ್ಳೆಯ ಉಪಾಧ್ಯಾಯನಾದ, ನಿಜ. ಆಮೇಲೆ ಕುಂಚ ಹಿಡಿಯಲಿಲ್ಲ. ಇದನ್ನೂ ಅವನು ಓದುತ್ತಾನೆಂದು ಬಲ್ಲೆ. ಆದುದರಿಂದ ಈ ಬರಹದ ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲೆಯೇ ಇದೆ.

ಈಗ ಹುಡುಗಿಯ ಕೆಲಸದ ವಿಚಾರ. ಕನ್ನಡಕ ಏರಿಸಿಕೊಂಡು ಅವಳ ಮೊಬೈಲಿನಲ್ಲಿ ನಾಲ್ಕೂ ಪುಟಗಳನ್ನು ನೋಡಿದೆ. ಬಿಳಿಯ ನೆಲ, ಕಪ್ಪು ಅಕ್ಷರ, ಎಡಕ್ಕೆ ಸೀರೆಯ ಅಂಚಿನಷ್ಟೇ ಅಗಲದ ಒಂದು ಕೆಂಪು ಪಟ್ಟಿ. ಮೊದಲ ನೋಟಕ್ಕೆ ಏನೂ ಇಲ್ಲವೆನಿಸುತ್ತದೆ. "ಸಾಲುಗಳ ನಡುವೆ ಇಷ್ಟು ಜಾಗ ಏಕೆ ಬಿಟ್ಟೆ?" ಎಂದು ಕೇಳಿದೆ. "ತಾತ, ನಿಮ್ಮೂರಿನ ಹೆಸರಲ್ಲೂ ಒತ್ತಕ್ಷರ ಇದೆ, ನಮ್ಮೂರಿನ ಹೆಸರಲ್ಲೂ ಇದೆ. ಇಂಗ್ಲಿಷಿಗೆ ಮಾಡಿದ ಅಳತೆಯಲ್ಲಿ ಹಾಕಿದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ. ಅದಕ್ಕೇ ಅಕ್ಷರದ ಅಳತೆಯ 1.8ರಷ್ಟು ಕೊಟ್ಟಿದ್ದೀನಿ" ಎಂದಳು. ಚಳ್ಳಕೆರೆಯ 'ಳ್ಳ', ಮೊಳಕಾಲ್ಮುರಿನ 'ಲ್ಮು'! ನಲವತ್ತು ವರ್ಷ ಕನ್ನಡ ಕಲಿಸಿದ ನಾನು ಅದನ್ನು ಗಮನಿಸಿರಲಿಲ್ಲ. ಎರಡೂ ಬದಿಗಳನ್ನು ಸಮನಾಗಿ ಏಕೆ ಕತ್ತರಿಸಿಲ್ಲವೆಂದು ಕೇಳಿದಾಗ ಇನ್ನೊಂದು ಪಾಠವಾಯಿತು. ನಮ್ಮ ಸಮಾಸಪದಗಳು ಉದ್ದ; ಮೊಬೈಲಿನ ಕಿರಿದಾದ ಪರದೆಯಲ್ಲಿ ಸಾಲುಗಳನ್ನು ಬಲವಂತವಾಗಿ ಸಮಗೊಳಿಸಿದರೆ ಪದಗಳ ನಡುವೆ ಹೊಂಡ ಬೀಳುತ್ತವೆ. ಅಕ್ಷರಗಳನ್ನು ಬಿಡಿಬಿಡಿಯಾಗಿ ಹರಡಿದರೆ ಕಾಗುಣಿತದ ಚಿಹ್ನೆಗಳು ಮೂಲಾಕ್ಷರದಿಂದ ದೂರ ಸರಿದಂತೆ ಕಾಣುತ್ತವೆ. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲವಾದ್ದರಿಂದ ಶೀರ್ಷಿಕೆಯ ಘನತೆಯನ್ನು ಗಾತ್ರದಿಂದಲೂ ಸುತ್ತಲಿನ ಖಾಲಿ ಜಾಗದಿಂದಲೂ ತರಬೇಕು. ಇವೆಲ್ಲವನ್ನೂ ಆಕೆ ತಾನೇ ಬರೆದು, ಅಳಿಸಿ, ಮತ್ತೆ ಬರೆದು ಕಂಡುಕೊಂಡಿದ್ದಳು.

ಇದು ಟೈಪಿಂಗ್ ಅಂತೆ!

ತರಗತಿಯಲ್ಲಿ ಏನು ಕಲಿಸಿದರೆಂದು ವಿಚಾರಿಸಿದೆ. ಇಡೀ ಪುಟವನ್ನು ಫೋಟೋಶಾಪಿನಲ್ಲಿ ಭಿತ್ತಿಪತ್ರದಂತೆ ರಚಿಸಿ, ಕನ್ನಡ ವಾಕ್ಯಗಳನ್ನೂ ಚಿತ್ರವಾಗಿಸಿ, ತುಂಡುತುಂಡಾಗಿ ಅಂಟಿಸುವುದು. ಅಕ್ಷರ ಚಿತ್ರವಾದರೆ ಕಲೆ, ಅಕ್ಷರವಾಗಿಯೇ ಉಳಿದರೆ ಟೈಪಿಂಗ್! ಈ ವಿಚಿತ್ರ ನ್ಯಾಯವನ್ನು ಯಾರು ಮಾಡಿದರೋ ತಿಳಿಯದು. ಹಾಗೆ ಮಾಡಿದ ಪುಟದಲ್ಲಿ 'ಮೊಳಕಾಲ್ಮುರು ಸೀರೆ' ಎಂದು ಬರೆದಿದ್ದರೂ ಹುಡುಕುವ ಯಂತ್ರಕ್ಕೆ ಅದು ಸುಲಭವಾಗಿ ಸಿಗುವುದಿಲ್ಲ. ಅದರಿಂದ ಒಂದು ಸಾಲನ್ನು ನಕಲು ಮಾಡಿ ಸೊಸೆಗೆ ಕಳುಹಿಸಲಾಗದು. ಮೊಬೈಲಿನಲ್ಲಿ ಹಿಗ್ಗಿಸಿದರೆ ಮಸುಕಾಗುತ್ತದೆ. ನನ್ನ ಶಿಷ್ಯನೊಬ್ಬ ಮಧುಮೇಹದಿಂದ ದೃಷ್ಟಿ ಕಳೆದುಕೊಂಡಿದ್ದಾನೆ. ಓದಿಹೇಳುವ ತಂತ್ರಾಂಶದ ನೆರವಿನಿಂದ ಈ ಬರಹಗಳನ್ನು ಕೇಳಿಸಿಕೊಳ್ಳುತ್ತಾನೆ. ಚಿತ್ರವಾದ ವಾಕ್ಯದ ಮುಂದೆ ಆ ತಂತ್ರಾಂಶ ಬಾಯಿ ತೆರೆಯುವುದಿಲ್ಲ, ತೆರೆದರೂ 'ಚಿತ್ರ' ಎಂದಷ್ಟೇ ಹೇಳಿ ಮುಂದೆ ಹೋಗುತ್ತದೆ.

ಒಂದು ಕಾಲದಲ್ಲಿ ಈ ಪದ್ಧತಿಗೆ ಕಾರಣವಿತ್ತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. 1996ರಲ್ಲಿ ಡಾ. ಯು.ಬಿ. ಪವನಜ ಅವರು 'ವಿಶ್ವಕನ್ನಡ' ಎಂಬ ಅಂತರಜಾಲ ಪತ್ರಿಕೆ ಆರಂಭಿಸಿದಾಗಲಾಗಲಿ, 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಾಗಲಾಗಲಿ ನಮ್ಮ ಗಣಕಗಳಲ್ಲಿ ಕನ್ನಡವು ಇಂಗ್ಲಿಷ್ ಅಕ್ಷರಗಳ ಬೆನ್ನೇರಿ ಕುಳಿತಿತ್ತು. ಓದುವವರ ಗಣಕದಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತಿದ್ದವು. ಆಗ ಚಿತ್ರವೇ ಸುಲಭದ ಉಪಾಯವಾಗಿತ್ತು. ಆದರೆ ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಸಂಕೇತಸ್ಥಾನ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಜಾಗ ಸಿಕ್ಕಿತ್ತು. ಅಂತರಜಾಲದ ಪುಟಗಳು ಸಾರ್ವಜನಿಕರಿಗೆ ತೆರೆದದ್ದೂ ಅದೇ ವರ್ಷ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಫಾಂಟ್ ಬಂತು. ಇಂದು ಸಾಮಾನ್ಯ ಮೊಬೈಲಿನಲ್ಲೂ ಕನ್ನಡ ತಾನಾಗಿ ಮೂಡುತ್ತದೆ. ಕಾರಣ ಸತ್ತು ಎಷ್ಟೋ ವರ್ಷಗಳಾದರೂ ಅದರ ತಿಥಿಯನ್ನು ತರಗತಿಗಳಲ್ಲಿ ಮಾಡುತ್ತಲೇ ಇದ್ದೇವೆ.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ, ನಗುವವರು ನಗಲಿ. ನಿವೃತ್ತಿಯ ನಂತರ ಬ್ಲಾಗ್ ಮಾಡುವುದನ್ನು ಇಂಟರ್‌ನೆಟ್ ಅಂಗಡಿಯೊಂದರಲ್ಲಿ ಕಲಿತಾಗ ಕಪ್ಪು ನೆಲದ ಮೇಲೆ ಗಿಳಿಹಸಿರು ಅಕ್ಷರ ಹಾಕಿದ್ದೆ. ಮೇಲ್ಭಾಗದಲ್ಲಿ 'ಸುಸ್ವಾಗತ' ಎಂಬುದು ಬಲದಿಂದ ಎಡಕ್ಕೆ ಓಡುತ್ತಿತ್ತು. ನಮ್ಮ ಮೈಸೂರಿನ ತಂಗಿ ಅದನ್ನು ನೋಡಿ, "ಅಣ್ಣಾ, ಜಾತ್ರೆಯ ಲೈಟಿನ ಹಾಗಿದೆ, ಕಣ್ಣು ನೋಯುತ್ತೆ" ಎಂದು ಪತ್ರ ಬರೆದಿದ್ದಳು. ಅಂದು ನನಗೆ ಕಲಿಸಿದವರು ಗುಂಡಿ ಒತ್ತುವುದನ್ನು ಕಲಿಸಿದರೇ ಹೊರತು ನೋಡುವುದನ್ನು ಕಲಿಸಲಿಲ್ಲ. ನೋಡುವುದನ್ನು ಕಲಿಸಬೇಕಾದವರು ಚಿತ್ರಕಲೆಯ ಅಧ್ಯಾಪಕರು. ಅವರೇ "ಇದು ಕಂಪ್ಯೂಟರಿನವರ ಕೆಲಸ" ಎಂದು ಕೈ ತೊಳೆದುಕೊಂಡರೆ ಬಣ್ಣ, ಅಳತೆ, ಅಂತರಗಳನ್ನು ಯಾರು ಹೇಳಿಕೊಡಬೇಕು?

ಆ ಪರೀಕ್ಷಕರಿಗೆ ನನ್ನದೊಂದು ವಿನಂತಿ. ಒಂದು ದಿನ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಗೆ ಬನ್ನಿ, ಬುತ್ತಿ ನಾನು ತರುತ್ತೇನೆ. 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನಗಳು ಅಲ್ಲಿಯೂ ಹತ್ತಿರದ ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿಯೂ ಇವೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆ ಬರಹದ ಕೊನೆಯಲ್ಲಿ ಅಕ್ಷರ ಬರೆದವನು ತನ್ನ ಹೆಸರನ್ನು ಚಪಡ ಎಂದು ಹೇಳಿಕೊಂಡು, 'ಲಿಪಿಕಾರ' ಎಂಬರ್ಥದ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ಈ ಕುರುಚಲು ಕಾಡಿನ ಬಂಡೆಯ ಮೇಲೆ, ಸಾಮ್ರಾಟನ ಮಾತಿನ ಜೊತೆಯಲ್ಲಿ ಒಬ್ಬ ಅಕ್ಷರದ ಕೆಲಸಗಾರನ ಸಹಿ ಉಳಿದಿದೆ. ಅವನಿಗೆ ತನ್ನ ಕಸುಬಿನ ಬಗ್ಗೆ ಇದ್ದ ಹೆಮ್ಮೆ ನಮ್ಮ ಹುಡುಗಿಗೆ ಏಕೆ ಇರಬಾರದು?

ಹಳೆಯ ಕಾಲದ ಮಾತು ಸಾಲದೆಂದರೆ ಇತ್ತೀಚಿನದನ್ನು ಹೇಳುತ್ತೇನೆ. ವಿಂಡೋಸಿನಲ್ಲಿ ಬಂದ 'ತುಂಗಾ' ಎಂಬ ಕನ್ನಡ ಫಾಂಟ್ ಸಿದ್ಧವಾದದ್ದು ಆರ್.ಕೆ. ಜೋಶಿಯವರ ಮಾರ್ಗದರ್ಶನದಲ್ಲಿ. ಅವರು ಎಂಜಿನಿಯರಲ್ಲ, ಮುಂಬಯಿಯಲ್ಲಿ ಕಲೆ ಕಲಿತ ಸುಲೇಖಕಾರರು, ಕವಿಗಳು, ಅಧ್ಯಾಪಕರು. 2003ರಲ್ಲಿ ಕೆನಡಾದ ಡೇವ್ ಶೇ ಎಂಬ ವಿನ್ಯಾಸಕಾರರು 'ಸಿಎಸ್ಎಸ್ ಝೆನ್ ಗಾರ್ಡನ್' ಎಂಬ ತಾಣದಲ್ಲಿ ಒಂದೇ ಪುಟದ ಪಠ್ಯವನ್ನಿಟ್ಟು, ಅದರ ಎಚ್‌ಟಿಎಂಎಲ್ ಅನ್ನು ಮುಟ್ಟದೆ ರೂಪವನ್ನು ಮಾತ್ರ ಬದಲಿಸಿರೆಂದು ಕಲಾವಿದರನ್ನು ಕರೆದರು. ಒಂದೇ ಪಠ್ಯ ನೂರಾರು ವೇಷಗಳಲ್ಲಿ ಕಾಣಿಸಿಕೊಂಡಿತು. ಅವನ್ನು ನೋಡಿದ ಮೇಲೆಯೂ ಇದು ಕಲೆಯಲ್ಲವೆನ್ನುವವರಿಗೆ ನಾನೇನು ಹೇಳಲಿ?

ನೇಕಾರರ ಮನೆಯ ಮಗುವಿಗಂತೂ ಇದು ಹೊಸತೇ ಅಲ್ಲ. ಎಚ್‌ಟಿಎಂಎಲ್ ಎಂದರೆ ಹಾಸು. ಯಾವುದು ಶೀರ್ಷಿಕೆ, ಯಾವುದು ಕಂಡಿಕೆ, ಯಾವುದು ಚಿತ್ರ ಎಂದು ಎಳೆ ಹಿಡಿದು ಹೇಳುವುದು. ಬಣ್ಣ, ಅಂಚು, ಸೆರಗುಗಳೆಲ್ಲ ಸಿಎಸ್ಎಸ್. ಅವಳ ಅಜ್ಜ ಗ್ರಾಫ್ ಹಾಳೆಯ ಚೌಕಗಳಲ್ಲಿ ನವಿಲನ್ನು ತುಂಬಿ, ಅದರಂತೆ ಜಕಾರ್ಡಿನ ಅಟ್ಟೆಗಳಿಗೆ ತೂತು ಹೊಡೆಸುತ್ತಿದ್ದರು. ತೂತಿದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. 1804ರ ಸುಮಾರಿಗೆ ಫ್ರಾನ್ಸಿನಲ್ಲಿ ಜಕಾರ್ಡ್ ರೂಪಿಸಿದ ಆ ಅಟ್ಟೆಯ ಉಪಾಯವನ್ನೇ ಮುಂದೆ ಚಾರ್ಲ್ಸ್ ಬ್ಯಾಬೇಜ್ ತನ್ನ ಗಣಕಯಂತ್ರದ ಯೋಜನೆಗೆ ತೆಗೆದುಕೊಂಡ. ಮಗ್ಗದಿಂದ ಗಣಕಕ್ಕೆ ಹೋದ ವಿದ್ಯೆಯನ್ನು ಮಗ್ಗದ ಮನೆಯವಳು ಕಲಿತರೆ 'ನಿನ್ನದಲ್ಲ' ಎನ್ನುತ್ತಾರೆ.

ಇನ್ನೊಂದು ಆಕ್ಷೇಪ ನಮ್ಮ ಬಂಧುವರ್ಗದಿಂದಲೇ ಬಂತು. ಬೆಂಗಳೂರಿನಲ್ಲಿ ದೊಡ್ಡ ಕಂಪನಿಯಲ್ಲಿರುವ ನನ್ನ ಅಣ್ಣನ ಮಗ ದೂರವಾಣಿಯಲ್ಲಿ, "ಚಿಕ್ಕಪ್ಪ, ಈಗ ಕೃತಕ ಬುದ್ಧಿಮತ್ತೆ ಒಂದು ನಿಮಿಷದಲ್ಲಿ ಪುಟ ಮಾಡಿಕೊಡುತ್ತೆ, ಅದನ್ನ ಕಲಿಯೋದೇ ದಂಡ" ಎಂದ. ಮಾಡಿಸಿ ಕಳುಹಿಸು ಎಂದೆ. ಕಳುಹಿಸಿದ. ನೋಡಲು ಲಕ್ಷಣವಾಗಿಯೇ ಇತ್ತು. ಹುಡುಗಿ ಅದರ ಒಡಲನ್ನು ತೆರೆದು ನೋಡಿದಳು. ಪುಟದ ಭಾಷೆ ಇಂಗ್ಲಿಷ್ ಎಂದು ನಮೂದಾಗಿತ್ತು. ಚಿತ್ರಗಳಿಗೆ ವಿವರಣೆಯೇ ಇರಲಿಲ್ಲ. ಮೊಳಕಾಲ್ಮುರಿನ ಸೀರೆಯ ಪುಟದಲ್ಲಿ ಕಂಚಿಯ ವರ್ಣನೆ ನುಸುಳಿತ್ತು. ಹತ್ತು ನಿಮಿಷದಲ್ಲಿ ಮೂರನ್ನೂ ತಿದ್ದಿದಳು. ಸ್ವತಃ ಒಂದು ಪುಟವನ್ನೂ ಬರೆಯದವಳಾಗಿದ್ದರೆ ತಪ್ಪಿದೆಯೆಂದು ಅವಳಿಗೆ ಗೊತ್ತಾಗುತ್ತಿತ್ತೇ? ಅಣ್ಣನ ಮಗನಿಗೆ ಗೊತ್ತಾಗಿರಲಿಲ್ಲ. ಯಂತ್ರ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಮೊದಲ ಅರ್ಧ ವರ್ಷ ವಿದ್ಯಾರ್ಥಿಯ ಕೈಗೆ ಅಚ್ಚನ್ನೂ ಕೊಡಬೇಡಿ, ಯಂತ್ರವನ್ನೂ ಕೊಡಬೇಡಿ. ನೋಟ್‌ಪ್ಯಾಡಿನಲ್ಲಿ ಒಂದು ಕನ್ನಡ ಪುಟವನ್ನು ಬರೆಯಲಿ. ಅದನ್ನು ಅಗ್ಗದ ಮೊಬೈಲಿನಲ್ಲಿ, ನಮ್ಮ ಸೀಮೆಯ ಬಿಸಿಲಿನಲ್ಲಿ ಹಿಡಿದು ನೋಡಲಿ. ಬಿಳಿಯ ಮೇಲಿನ ತಿಳಿಬೂದು ಅಕ್ಷರ ಬಿಸಿಲಿಗೆ ಏನಾಗುತ್ತದೆಂದು ಆಗ ತಿಳಿಯುತ್ತದೆ. ಎರಡು ಬಸ್ಸು ಬದಲಿಸಿ ಕಾಲೇಜಿಗೆ ಹೋಗುವ ನಮ್ಮ ತಾಲ್ಲೂಕಿನ ಮಕ್ಕಳಿಗೆ ದುಬಾರಿ ತಂತ್ರಾಂಶ ಬೇಕಿಲ್ಲದ ವಿದ್ಯೆ ಇದೊಂದೇ. ಅದನ್ನೂ ಕಲೆಯ ಪಟ್ಟಿಯಿಂದ ಹೊರಗಟ್ಟಿದರೆ ಫೋಟೋಶಾಪಿಗೆ ಹಣ ಕಟ್ಟಬಲ್ಲವರ ಮಕ್ಕಳು ಮಾತ್ರ ಕಲಾವಿದರಾಗುತ್ತಾರೆ.

ತಂದೆಗೆ ಕೊನೆಗೆ ಹೇಳಿದೆ: "ಬಿಡಿಸಬೇಡ ಕಣಪ್ಪ. ಒಂದು ಸಲ ನಾನು ತಪ್ಪು ಹೇಳಿದ್ದೇನೆ, ಎರಡನೇ ಸಲ ಹೇಳಲಾರೆ." ಅಂಕಗಳ ಮರುಪರಿಶೀಲನೆಗೆ ಅರ್ಜಿಯನ್ನು ಹುಡುಗಿಯೇ ಬರೆದಳು; ಕಾಗುಣಿತ ತಿದ್ದಲು ನನಗೆ ಏನೂ ಉಳಿಸಿರಲಿಲ್ಲ. ಉತ್ತರ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಅವಳ ಪುಟಗಳ ಕೊಂಡಿಯನ್ನು ನಿಮಗೆಲ್ಲ ಬೇರೆಯಾಗಿ ಕಳುಹಿಸುತ್ತಿದ್ದೇನೆ. ನಿಮ್ಮಲ್ಲಿ ಎಂಜಿನಿಯರುಗಳಿದ್ದೀರಿ, ಕಾಲೇಜಿನ ಅಧ್ಯಾಪಕರಿದ್ದೀರಿ, ಕಣ್ಣು ಮಂಜಾದ ನನ್ನ ವಯಸ್ಸಿನವರೂ ಇದ್ದೀರಿ. ಮೊಬೈಲಿನಲ್ಲಿ ತೆರೆದು ನೋಡಿ, ಎಲ್ಲಿ ಓದಲು ತೊಡಕಾಯಿತೆಂದು ಅವಳಿಗೇ ತಿಳಿಸಿ. ಚೆನ್ನಾಗಿದೆ ಎಂದಷ್ಟೇ ಬರೆಯಬೇಡಿರಿ, ಅವಳಿಗೆ ಅದು ಬೇಕಿಲ್ಲವಂತೆ. ಮೂರನೆಯ ಪುಟದಲ್ಲಿ ಸೆರಗಿನ ಚಿತ್ರ ನಿಧಾನವಾಗಿ ಇಳಿಯುತ್ತದೆಂಬುದು ಅವಳಿಗೆ ಗೊತ್ತಿದೆ. ಅದನ್ನು ಈ ವಾರ ಕಿರಿದುಗೊಳಿಸುತ್ತಾಳೆ.