ಜೂನ್‌ನಾಗ ಎಲ್ಲಿದ್ರಿ?

ಸೀಗಿ ಹುಣ್ಣಿಮೆ ಹತ್ತಿರ ಬಂತೆಂದರೆ ಬೆಂಗಳೂರಿನ ನನ್ನ ಸಹೋದ್ಯೋಗಿಗಳಿಗೆ ರೈತರ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕುತ್ತದೆ. ಶನಿವಾರ ಕಾರು ಹತ್ತಿ ಯಾವುದಾದರೂ ಸಾವಯವ ತೋಟಕ್ಕೆ ಹೋಗುವುದು, ನಾಲ್ಕು ಬದನೆಕಾಯಿ ಕಿತ್ತು ಫೋಟೊ ತೆಗೆಸಿಕೊಳ್ಳುವುದು, ವಾರದ ತರಕಾರಿ ಬುಟ್ಟಿಗೆ ಆ್ಯಪ್‌ನಲ್ಲಿ ಹೆಸರು ಬರೆಸುವುದು, ಸೋಮವಾರ ಕಾಫಿ ಮಷೀನ್ ಮುಂದೆ ನಿಂತು ‘ನಾವು ಡೈರೆಕ್ಟಾಗಿ ರೈತರಿಗೇ ಸಪೋರ್ಟ್ ಮಾಡ್ತೀವಿ’ ಅನ್ನುವುದು. ಇರಲಿ, ಸಂತೋಷ. ಆದರೆ ನಂದೊಂದು ಪ್ರಶ್ನೆ ಐತಿ: ಜೂನ್‌ನಾಗ ಎಲ್ಲಿದ್ರಿ?

ನಮ್ಮದು ದೇವದುರ್ಗ ತಾಲೂಕಿನ ಹಳ್ಳಿ. ಹತ್ತಿ, ತೊಗರಿ, ಮೆಣಸಿನಕಾಯಿ ಹಾಕುವವರ ನಡುವೆ ಬಾವಿಯಲ್ಲೋ ಬೋರಿನಲ್ಲೋ ಒಂದಿಷ್ಟು ನೀರಿದ್ದವರು ಎಕರೆ, ಎರಡೆಕರೆ ಕಾಯಿಪಲ್ಯ ಮಾಡುತ್ತಾರೆ. ಇವರಿಗೆ ದುಡ್ಡಿನ ಅಡಚಣೆ ಬರುವುದು ಕೊಯ್ಲಿಗೆ ನಾಲ್ಕು ತಿಂಗಳು ಮುಂಚೆ. ಬೀಜ, ಸಸಿ, ಗೊಬ್ಬರ, ಕಳೆ ತೆಗೆಯುವ ಕೂಲಿ, ಎಲ್ಲದಕ್ಕೂ ನಗದು ಬೇಕು. ಕೊಡುವವರು ಯಾರು? ದಲಾಲಿ ಅಂಗಡಿಯವರು. ಮುಂಗಡ ತಂದ ಮೇಲೆ ಮಾಲು ಅದೇ ಅಂಗಡಿಗೆ ಹಾಕಬೇಕು, ಸವಾಲಿನಲ್ಲಿ ಬಂದ ರೇಟು ಒಪ್ಪಬೇಕು. ಕಮಿಷನ್, ಹಮಾಲಿ, ಬಡ್ಡಿ ಕಳೆದು ಕೈಗೊಂದು ಪಟ್ಟಿ ಬರುತ್ತದೆ. ಬೆಳೆ ಅರಳುವ ಮುಂಚೆಯೇ ಅದರ ದಾರಿ ತೀರ್ಮಾನವಾಗಿರುತ್ತದೆ.

ದಲಾಲನನ್ನು ಬೈಯುವುದು ನಮ್ಮಂಥ ಓದಿದವರಿಗೆ ಬಹಳ ಸುಲಭ. ಆದರೆ ಒಂದು ಮಾತು ಹೇಳಲೇಬೇಕು. ಮಳೆ ಬರುತ್ತೋ ಇಲ್ಲವೋ ಗೊತ್ತಿಲ್ಲದ ಹೊತ್ತಿನಲ್ಲಿ ಗಂಟು ಬಿಚ್ಚಿದವನು ಅವನೊಬ್ಬನೇ. ನಾವು ಹೋದದ್ದು ಅಕ್ಟೋಬರಿನಲ್ಲಿ, ಖಾಲಿ ಚೀಲ ಹಿಡಿದುಕೊಂಡು.

ಸಮುದಾಯವೇ ತೋಟವನ್ನು ಸಾಕುವ ಪದ್ಧತಿ ಹುಟ್ಟಿದ್ದು ಈ ಹೊಂಡ ಮುಚ್ಚುವುದಕ್ಕೆ. 1970ರ ದಶಕದಲ್ಲಿ ಜಪಾನಿನ ಮನೆಗಳವರು ‘ತೇಯ್ಕೆಯ್’ ಎಂಬ ಹೆಸರಿನಲ್ಲಿ ನೇರ ರೈತರೊಂದಿಗೆ ಕೈಜೋಡಿಸಿದರು. 1986ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಮತ್ತು ನ್ಯೂ ಹ್ಯಾಂಪ್‌ಶೈರ್‌ನ ಎರಡು ತೋಟಗಳು ಇದನ್ನು ಅಲ್ಲಿ ಶುರು ಮಾಡಿದವು. ಇದರ ಜೀವ ಇರುವುದು ಎರಡು ಮಾತಿನಲ್ಲಿ: ಬಿತ್ತುವ ಹೊತ್ತಿಗೆ ದುಡ್ಡು ಕೊಡು, ಬೆಳೆ ಕೈಕೊಟ್ಟರೆ ನಷ್ಟದಲ್ಲೂ ಪಾಲು ತಗೋ. ನಮ್ಮ ಆ್ಯಪ್‌ಗಳು ಬುಟ್ಟಿಯನ್ನು ಮಾತ್ರ ತಂದವು. ಎರಡೂ ಮಾತು ದಾರಿಯಲ್ಲೇ ಉದುರಿಹೋದವು. ಬೇಡವೆಂದಾಗ ‘ಪಾಸ್’, ಎಲೆಗೆ ತೂತು ಬಿದ್ದಿದ್ದರೆ ರಿಫಂಡ್, ಮೇಲೊಂದು ಎರಡು ಸ್ಟಾರ್ ರೇಟಿಂಗ್. ಇದನ್ನು ಹೋಂ ಡೆಲಿವರಿ ಅನ್ನಿ, ನನ್ನ ತಕರಾರಿಲ್ಲ. ಸಪೋರ್ಟ್ ಅನ್ನಬೇಡಿ.

‘ನಾವ್ಯಾಕೆ ರಿಸ್ಕ್ ತಗೋಬೇಕು?’ ಅಂತ ಒಬ್ಬ ಗೆಳೆಯ ಕೇಳಿದ. ಆತನ ಸಂಬಳದ ಕಾಲುಭಾಗ ಮ್ಯೂಚುವಲ್ ಫಂಡಿನಲ್ಲಿದೆ, ಕಂಪನಿ ಕೊಟ್ಟ ಸ್ಟಾಕ್ ಆಪ್ಷನ್ ಇನ್ನೂ ಕಾಗದದ ಮೇಲಿದೆ. ನಾಳೆ ಮುಳುಗಬಹುದಾದ ಸ್ಟಾರ್ಟಪ್ಪಿಗೆ ಹಾಕುವ ದುಡ್ಡನ್ನು ನಾವು ‘ಸೀಡ್ ಫಂಡಿಂಗ್’ ಅಂತೀವಿ. ನಿಜವಾದ ಬೀಜಕ್ಕೆ ದುಡ್ಡು ಕೇಳಿದರೆ ಮಾತ್ರ ರಿಸ್ಕ್ ನೆನಪಾಗುತ್ತದೆ.

ರಿಸ್ಕ್ ಅಂದರೇನು ಅಂತ ಮಾನ್ವಿಯವರನ್ನು ಕೇಳಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗದವರಿಗೆ ನೀರು ಬಂದಾಗಲೇ ಬಂತು ಅಂತ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಬೆಂಗಳೂರಿನಲ್ಲಿ ಅದೊಂದು ನ್ಯೂಸ್ ನೋಟಿಫಿಕೇಷನ್. ಇಲ್ಲಿ ಅದು ಇಡೀ ವರ್ಷದ ಅನ್ನದ ಪ್ರಶ್ನೆ. ಭತ್ತ, ಹತ್ತಿ, ತೊಗರಿಗೆ ಹೆಸರಿಗಾದರೂ ಕೇಂದ್ರದ ಬೆಂಬಲ ಬೆಲೆ ಇದೆ. ಬದನೆ, ಬೆಂಡೆ, ಟೊಮ್ಯಾಟೊಗೆ ಅದೂ ಇಲ್ಲ. 2023ರ ಜುಲೈನಲ್ಲಿ ಟೊಮ್ಯಾಟೊ ಕೆಜಿಗೆ 100 ರೂಪಾಯಿ ದಾಟಿದಾಗ ನಾವು ದಿನಕ್ಕೊಂದು ಮೀಮ್ ಹಂಚಿದೆವು. ಎರಡೇ ತಿಂಗಳಲ್ಲಿ ರೇಟು ನೆಲಕ್ಕೆ ಬಿದ್ದು ರೈತರು ರಸ್ತೆಗೆ ಸುರಿದಾಗ ನಮ್ಮ ಗ್ರೂಪುಗಳು ತಣ್ಣಗಿದ್ದವು.

ಪಾಲಿನ ಲೆಕ್ಕ ನಮಗೆ ಹೊಸದೇನಲ್ಲ. ಬಡಿಗ, ಕಮ್ಮಾರ, ಕುಂಬಾರ ವರ್ಷವಿಡೀ ದುಡಿದು ಸುಗ್ಗಿಯಲ್ಲಿ ಕಣಕ್ಕೆ ಬಂದು ‘ಆಯ’ ಒಯ್ಯುತ್ತಿದ್ದರು. ಅಂದರೆ ದುಡಿಮೆಯ ಸಾಲವನ್ನು ಮೊದಲೇ ಕೊಟ್ಟು ಬೆಳೆಗಾಗಿ ಕಾಯುತ್ತಿದ್ದರು. ಅದನ್ನು ಹೊಗಳಿ ಮತ್ತೆ ತರೋಣ ಅನ್ನುತ್ತಿಲ್ಲ. ಅದರೊಳಗೆ ಜಾತಿಯಿತ್ತು, ಕಣದ ಅಂಚಿನಲ್ಲಿ ನಿಂತು ಬೇಡಬೇಕಾದ ಅವಮಾನವಿತ್ತು. ಆದರೆ ಬಡವರು ಅಷ್ಟು ಕಾಲ ಹೊತ್ತ ಭಾರವನ್ನು ತಿಂಗಳ ಒಂದನೇ ತಾರೀಕಿಗೆ ಸಂಬಳ ಎಣಿಸುವ ನಾವು ನಾಲ್ಕು ತಿಂಗಳು ಹೊರಲಾರೆವೆ?

ಲೆಕ್ಕ ಸರಳ. ರಾಯಚೂರು ನಗರದಲ್ಲಿ 40 ಮನೆ ಸೇರಲಿ. ಬ್ಯಾಂಕಿನವರು, ಮೇಷ್ಟ್ರು, ಶಕ್ತಿನಗರದ ಎಂಜಿನಿಯರುಗಳು, ಮನೆಯಿಂದಲೇ ಕೆಲಸ ಮಾಡುವ ನಮ್ಮ ಐಟಿ ಮಂದಿ, ಯಾರಾದರೂ ಸರಿ. ವಾರಕ್ಕೆ 250 ರೂಪಾಯಿಯಂತೆ 16 ವಾರಕ್ಕೆ ತಲಾ 4,000. ಜೂನ್ ಮೊದಲ ವಾರದಲ್ಲಿ ತೋಟದವರ ಕೈಗೆ 1,60,000 ರೂಪಾಯಿ, ಬಡ್ಡಿಯಿಲ್ಲದೆ. ಮಾನ್ವಿಯಾಗಲಿ ದೇವದುರ್ಗವಾಗಲಿ 50 ಕಿ.ಮೀ. ಆಸುಪಾಸು. ಸಸಿ ಹಾಕಿದ ದಿನದಿಂದ ದಸರಾ ಹೊತ್ತಿಗೆ ಬದನೆ, ಬೆಂಡೆ, ಚವಳಿಕಾಯಿ, ಹೀರೇಕಾಯಿ, ಪುಂಡಿಪಲ್ಯ ಬರುತ್ತವೆ. ಒಂದು ವಾರ ಬರೀ ಬದನೆ ಬಂದರೆ ಎಣ್ಣೆಗಾಯಿ ಮಾಡ್ರಿ, ರೊಟ್ಟಿ ಜೊತೆ ತಿನ್ರಿ. ಬ್ರೊಕೊಲಿ ಎಲ್ಲಿ ಅಂತ ಮೆಸೇಜ್ ಹಾಕಬ್ಯಾಡ್ರಿ.

ಹಾಗಂತ ರೈತರಿಗೆ ಕಣ್ಣುಮುಚ್ಚಿ ದುಡ್ಡು ಕೊಡಿ ಅನ್ನುವುದಿಲ್ಲ. ಖರ್ಚಿನ ಪುಸ್ತಕ ಪಾಲುದಾರರ ಮುಂದೆ ತೆರೆದಿಡಬೇಕು. ಔಷಧ ಹೊಡೆದಿದ್ದರೆ ಹೊಡೆದೆ ಅನ್ನಬೇಕು. ಮುಖ್ಯವಾಗಿ, ಬೆಳಗಿನ ಜಾವ ಬಗ್ಗಿ ಕಾಯಿ ಬಿಡಿಸುವ ಹೆಣ್ಣುಮಕ್ಕಳ ಕೂಲಿ ಆ ಪುಸ್ತಕದ ಮೊದಲ ಸಾಲಿನಲ್ಲಿರಬೇಕು. ಹತ್ತಿ, ಮೆಣಸಿನಕಾಯಿ ಬಿಡಿಸಲು ಶಾಲೆ ಬಿಡಿಸಿ ಮಕ್ಕಳನ್ನು ಗಾಡಿಯಲ್ಲಿ ತುಂಬಿಕೊಂಡು ಹೋಗುವುದನ್ನು ನಮ್ಮ ಕಡೆಯವರೆಲ್ಲ ನೋಡಿದ್ದೇವೆ. ಅಂಥ ಕೈಗಳಿಂದ ಬಂದ ಸಾವಯವ ಬದನೆ ನಮಗೆ ಬೇಡ. ಕೂಲಿ ಸರಿಯಾಗಿ ಕೊಡುವಷ್ಟು ಪಾಲಿನ ಬೆಲೆ ಏರಿದರೆ ಅದಕ್ಕೂ ತಯಾರಿರಬೇಕು. ಊರಲ್ಲಿ ಕೂಲಿ ಹುಟ್ಟದಿದ್ದಾಗಲೇ ಜನ ಗುಳೆ ಹೋಗಿ ನಮ್ಮ ಅಪಾರ್ಟ್‌ಮೆಂಟುಗಳಿಗೆ ಇಟ್ಟಿಗೆ ಹೊರುವುದು.

ಈ ವರ್ಷದ ಕೊಯ್ಲು ನೋಡಲು ಬರುವವರು ಬರ್ರಿ, ಊಟ ಮಾಡಿಕೊಂಡೇ ಹೋಗ್ರಿ. ಹೊರಡುವಾಗ ತೋಟದವರ ನಂಬರ್ ತಗೊಂಡು, ಮುಂದಿನ ಮೇ ತಿಂಗಳಿಗೆ ಫೋನಿನಲ್ಲಿ ಒಂದು ರಿಮೈಂಡರ್ ಇಟ್ಟುಕೊಳ್ರಿ. ‘ಏನು ಬಿತ್ತುತ್ತೀರಿ, ಎಷ್ಟು ಬೇಕು’ ಅಂತ ಆಗ ಕೇಳ್ರಿ.