ಕ್ಷೌರದಂಗಡಿಯಲ್ಲಿ ನಮ್ಮ ಸರದಿ

ಊರಿನ ಸುದ್ದಿ ತಿಳಿಯಲು ಪತ್ರಿಕೆ ತರಿಸುವುದಕ್ಕಿಂತ ಓಣಿಯ ಕ್ಷೌರದಂಗಡಿಯಲ್ಲಿ ಅರ್ಧ ತಾಸು ಕುಳಿತರೆ ಸಾಕೆಂದು ನಮ್ಮ ಹಿರಿಯರು ಹೇಳುತ್ತಿದ್ದುದುಂಟು. ಎದುರುಬದುರು ಕನ್ನಡಿಗಳು, ಪಟಿಕದ ತುಂಡು, ಮಕ್ಕಳನ್ನು ಕೂಡಿಸಲು ಕುರ್ಚಿಯ ತೋಳುಗಳ ಮೇಲೆ ಅಡ್ಡಲಾಗಿ ಇಡುವ ಹಲಗೆ, ಹತ್ತು ಕೈ ದಾಟಿ ಮುದುಡಿದ ದಿನಪತ್ರಿಕೆ, ಇಷ್ಟಿದ್ದರೆ ಅಂಗಡಿ. ಮಳೆ, ಧಾರಣೆ, ಕನ್ಯೆ-ವರಗಳ ವಿಚಾರ, ಚುನಾವಣೆ ಎಲ್ಲವೂ ಅಲ್ಲಿಯೇ ಇತ್ಯರ್ಥವಾಗುತ್ತವೆ. ಸೋಮವಾರ ಬಸವಣ್ಣನ ವಾರವೆಂದು ನಮ್ಮ ಅನೇಕ ಮನೆಗಳವರು ಅತ್ತ ಸುಳಿಯುವುದಿಲ್ಲ. ಮಂಗಳವಾರ ಬಹಳಷ್ಟು ಅಂಗಡಿಗಳಿಗೇ ರಜೆ. ಹೀಗಾಗಿ ಭಾನುವಾರ ಮುಂಜಾನೆ ಸರದಿ ಕಾಯದೆ ಗತಿಯಿಲ್ಲ. ಗಿರಾಕಿಯ ನಿಜವಾದ ಗುಣ ತಿಳಿಯುವುದೂ ಕಾಯುವಾಗಲೇ.

ಕಾಯುತ್ತಿರುವ ನಾಲ್ವರನ್ನು ದಾಟಿ ನೇರವಾಗಿ ಕುರ್ಚಿಯೇರುವ ಗೌಡರನ್ನು ನಾವು ಕಂಡಿದ್ದೇವೆ. ಅರವತ್ತು ದಾಟಿದ ಕ್ಷೌರಿಕರನ್ನು ಹದಿನಾರರ ಹುಡುಗ ಏಕವಚನದಲ್ಲಿ ಕರೆಯುವುದನ್ನೂ ಕೇಳಿದ್ದೇವೆ. ತನ್ನ ಕುತ್ತಿಗೆಯನ್ನೇ ಅವರ ಕತ್ತಿಗೊಪ್ಪಿಸಿ ಕಣ್ಣು ಮುಚ್ಚಿ ಕುಳಿತವನಿಗೆ ಒಂದು ಬಹುವಚನ ಕೊಡುವುದು ಏಕೆ ಭಾರವಾಗುವುದೋ ನಾವರಿಯೆವು! ಹಿಂದೆ ಸುಗ್ಗಿಯ ಕಣದಲ್ಲಿ ಆಯದ ಕಾಳು ಅಳೆದು ಕೊಟ್ಟರೆ ಇಡೀ ವರ್ಷದ ಲೆಕ್ಕ ತೀರುತ್ತಿತ್ತು. ಈಗ ರೊಕ್ಕ ಎಣಿಸಿ ಕೊಡುತ್ತೇವೆ. ಧ್ವನಿ ಮಾತ್ರ ಆಯದ ಕಾಲದ್ದೇ ಉಳಿದಿದೆ. 2020ರ ಲಾಕ್‌ಡೌನಿನಲ್ಲಿ ಅಂಗಡಿಗಳು ಮುಚ್ಚಿದಾಗ ರಾಜ್ಯ ಸರಕಾರವು ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿಗಳ ಪರಿಹಾರ ಘೋಷಿಸಿತು. ಇವರ ಕೈ ನಿಂತರೆ ಊರಿಗೇನು ಕೊರತೆಯೆಂಬುದು ಆ ದಿನಗಳಲ್ಲಿ ಕನ್ನಡಿ ನೋಡಿಕೊಂಡ ಎಲ್ಲರಿಗೂ ತಿಳಿಯಿತು.

ಇದಕ್ಕಿಂತ ನೋವಿನ ಸಂಗತಿ ಬೇರೆಯಿದೆ. ನಮ್ಮ ನಾಡಿನ ಕೆಲವು ಹಳ್ಳಿಗಳಲ್ಲಿ ದಲಿತ ಬಂಧುಗಳಿಗೆ ಕ್ಷೌರ ನಿರಾಕರಿಸಿದ ವರದಿಗಳು ಈಚಿನ ವರ್ಷಗಳಲ್ಲಿಯೂ ಬಂದಿವೆ. ದೂರು ಬಂದೊಡನೆ ಎಲ್ಲರ ಬೆರಳೂ ಕ್ಷೌರಿಕರತ್ತ ತಿರುಗುತ್ತದೆ. ಅವರನ್ನು ನಿರ್ದೋಷಿಗಳೆಂದು ನಾವು ಹೇಳುತ್ತಿಲ್ಲ. ಆದರೆ ದಲಿತರನ್ನು ಕುರ್ಚಿಯಲ್ಲಿ ಕೂಡಿಸಿದರೆ ದೊಡ್ಡ ಮನೆಗಳವರು ಅಂಗಡಿಯ ಮೆಟ್ಟಿಲೇರಲಾರರೆಂಬ ಭಯ ಅವರದು. ಆ ದೊಡ್ಡ ಮನೆಗಳಲ್ಲಿ ನಮ್ಮ ಸಮಾಜದವರ ಮನೆಗಳಿಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೆ? 1948ರಲ್ಲಿ ಸಂವಿಧಾನ ರಚನಾಸಭೆಯಲ್ಲಿ ‘ಅಂಗಡಿ’ ಎಂಬ ಪದದ ವ್ಯಾಪ್ತಿಯ ಪ್ರಶ್ನೆ ಬಂದಾಗ, ಅದು ಒಳಪ್ರವೇಶಕ್ಕಷ್ಟೇ ಸೀಮಿತವಲ್ಲ, ಅಲ್ಲಿ ದೊರೆಯುವ ಸೇವೆಗೂ ಅನ್ವಯಿಸುತ್ತದೆಂದು ಡಾ. ಅಂಬೇಡ್ಕರರು ವಿವರಿಸಿದ್ದರು. ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸುವುದನ್ನು 1955ರ ಕಾಯಿದೆ ಅಪರಾಧವೆಂದೇ ಎಣಿಸಿದೆ. ಕುರ್ಚಿ ಬಿಟ್ಟು ಎದ್ದು ಹೋಗುವ ಗಿರಾಕಿಯ ಹೆಸರು ಮಾತ್ರ ಯಾವ ದೂರಿನಲ್ಲಿಯೂ ಕಾಣಿಸುವುದು ಅಪರೂಪ.

ಹಡಪದ ಅಪ್ಪಣ್ಣನವರ ಭಾವಚಿತ್ರಕ್ಕೆ ಹಾರ ಹಾಕುವ ಸಮಾಜ ನಮ್ಮದು. ಬಸವಣ್ಣನವರ ಸನ್ನಿಧಿಯಲ್ಲಿ ಹಡಪ, ಅಂದರೆ ಎಲೆಯಡಿಕೆಯ ಸಂಚಿ, ಹಿಡಿದು ಆಪ್ತರಾಗಿದ್ದವರು ಅವರು, ವಚನಕಾರರು. ಅವರ ಧರ್ಮಪತ್ನಿ ಲಿಂಗಮ್ಮನವರೂ ವಚನಕಾರ್ತಿ. ಇಂದು ಹಡಪದ ಸಮಾಜದ ಎಷ್ಟೋ ಬಂಧುಗಳ ಕಾಯಕ ಕ್ಷೌರವೇ. ಜಯಂತಿಯಂದು ಹಾರ ಹಾಕಿದ ಕೈ ಮರುದಿನ ಅದೇ ಮನೆತನದ ಹಿರಿಯರನ್ನು ಹೊರಗಿನ ಕಟ್ಟೆಯ ಮೇಲೆ ಕೂಡಿಸಿ ದೂರದಿಂದ ಚಹಾ ನೀಡಿದರೆ, ಆ ಹಾರ ಯಾರಿಗೆ ಸಂದಿತು?

ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಶರಣರು ಅಲ್ಲಗಳೆದರು. ಶುಚಿತ್ವ ಬೇರೆ ಮಾತು. ಒಬ್ಬರಿಗೆ ಬಳಸಿದ ಬ್ಲೇಡಿನಿಂದ ರಕ್ತದ ಮೂಲಕ ಹರಡುವ ರೋಗಗಳು ಇನ್ನೊಬ್ಬರಿಗೆ ತಗಲಬಹುದು. ಆದುದರಿಂದ ಬ್ಲೇಡು ಹೊಸದೇ ಎಂದು ಕೇಳಲು ಯಾರೂ ಸಂಕೋಚಪಡಬೇಕಿಲ್ಲ. ಇನ್ನು, ಕ್ಷೌರ ಮುಗಿಸಿ ಬಂದ ಮಕ್ಕಳನ್ನು ಹಿತ್ತಿಲಿನಲ್ಲಿಯೇ ನಿಲ್ಲಿಸಿ, ಮೈಲಿಗೆಯಾಗಿದೆ ಮುಟ್ಟಬೇಡ ಎನ್ನುತ್ತ ನೀರು ಹೊಯ್ಯುವ ಪದ್ಧತಿ ಹಲವು ಮನೆಗಳಲ್ಲಿದೆ. ಆ ತಾಯಂದಿರಲ್ಲಿ ನಮ್ಮದೊಂದು ವಿನಂತಿ: ಕೂದಲು ಚುಚ್ಚುತ್ತದೆ, ಮಿಂದು ಬಾ ಎನ್ನಿರಿ. ಮಕ್ಕಳು ಕಾರಣ ಕೇಳಿದರೆ ಅಷ್ಟೇ ಉತ್ತರ ಸಾಕು.