ಹವೆಯ ಯಂತ್ರವೂ ನಮ್ಮ ಬಾಲಿಕೆಯರೂ

ನಿಸ್ತಂತು ಹವಾಮಾಪಕ ಯಂತ್ರವೊಂದನ್ನು ಕೊಂಡು ಗೋಡೆಗೆ ತೂಗುಹಾಕಿದ ಮಾತ್ರಕ್ಕೆ ವಿಜ್ಞಾನಶಿಕ್ಷಣವು ನಡೆಯಿತೆಂದು ನಾವು ಒಪ್ಪಲಾರೆವು. ಒಳಗಿನ ಫಲಕವು ಹೊರಗಿನ ಮಾಪಕವು ಕಳುಹಿದ ಸುದ್ದಿಯನ್ನಷ್ಟೇ ಹೇಳುವುದು. ಆ ಮಾಪಕವು ಕಾದ ತಗಡಿನ ಬಳಿ ಇದ್ದರೆ ನಮಗೆ ತಿಳಿಯುವುದು ತಗಡಿನ ತಾಪವೇ ಹೊರತು ಹವೆಯದಲ್ಲ. ಆದಕಾರಣ ಅದನ್ನು ಹುಲ್ಲುನೆಲದಿಂದ ಸುಮಾರು 5 ಅಡಿ ಎತ್ತರದಲ್ಲಿ, ಬಿಸಿಲು ತಾಗದೆ ಗಾಳಿಯಾಡುವಂತೆ, ಅಡ್ಡಪಟ್ಟಿಗಳ ಬಿಳಿಯ ಪೆಟ್ಟಿಗೆಯೊಳಗೆ ಇಡತಕ್ಕದ್ದು. ಮಳೆಮಾಪಕಕ್ಕಾದರೋ ತೆರೆದ ಆಕಾಶವೇ ಬೇಕು. ಮರದಡಿಯಲ್ಲಿಟ್ಟರೆ ತರಗೆಲೆ ಬಿದ್ದು ಬಾಯಿ ಕಟ್ಟುವುದು. ಹಳೆಯ ಕಟ್ಟಡಗಳ ದಪ್ಪ ಗೋಡೆಗಳು ನಿಸ್ತಂತು ಅಲೆಗಳನ್ನು ಕುಂದಿಸುವವಾದ್ದರಿಂದ ಫಲಕವನ್ನು ಕಿಟಕಿಯ ಬಳಿ ಇಡುವುದು ಲೇಸು.

ಏಣಿ ಹತ್ತಿ ಇವನ್ನು ಶುಚಿಮಾಡುವ ಕೆಲಸವು ಜವಾನನದೆಂದು ಕೆಲವು ಹಿರಿಯರು ಹೇಳುವರು. ಅವರಲ್ಲಿ ಗೌರವವಿಟ್ಟೇ ನಾವು ಹಾಗಲ್ಲವೆನ್ನುವೆವು. ಬೆಂಗಳೂರಿನಲ್ಲಿ ಸಿ. ವಿ. ರಾಮನ್ನರ ಬಳಿ ಸಂಶೋಧನೆ ನಡೆಸಿದ ಅನ್ನಾ ಮಣಿಯವರು 1948ರಲ್ಲಿ ಪುಣೆಯಲ್ಲಿ ಹವಾಮಾನ ಇಲಾಖೆಯನ್ನು ಸೇರಿ, ಅದುವರೆಗೆ ಪರದೇಶಗಳಿಂದ ಬರುತ್ತಿದ್ದ ಮಾಪಕಗಳು ಇಲ್ಲಿಯೇ ತಯಾರಾಗುವಂತೆ ಶ್ರಮಿಸಿದರು. ಅವರೂ ಒಂದು ಕಾಲಕ್ಕೆ ಶಾಲೆಯ ಬಾಲಿಕೆಯೇ ಅಲ್ಲವೆ?

ಏಣಿಯನ್ನೂ ದಿನಚರಿ ಪುಸ್ತಕವನ್ನೂ ಎಂಟನೆಯ ತರಗತಿಯವರಿಗೇ ಒಪ್ಪಿಸಿರಿ. ಪ್ರತಿದಿನ ಬೆಳಿಗ್ಗೆ 8:30ಕ್ಕೆ ಅವರೇ ಓದಿ ಬರೆಯಲಿ. ಓದದೆ ತಪ್ಪಿದ ದಿನವನ್ನು ಊಹೆಯಿಂದ ತುಂಬದೆ ಖಾಲಿಯಾಗಿಯೇ ಬಿಡಲಿ.